ಒಳ್ಳೆಯ ಮಷಿನ್, ಆದರೆ ಬೇರಿಂಗ್ ಬಗ್ಗೆ ಕೇಳಿಯೇ ಕೊಳ್ಳಿ: 8 ಕೆ.ಜಿ. ಫ್ರಂಟ್ ಲೋಡ್ ವಾಷಿಂಗ್ ಮಷಿನ್ ವಿಮರ್ಶೆ

ಬಟ್ಟೆ ಒಗೆಯುವ ವಿಷಯದಲ್ಲಿ ಈ ಮಷಿನ್ ಮೇಲೆ ನನಗೆ ಯಾವ ದೂರೂ ಇಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. 8 ಕೆ.ಜಿ. ಫ್ರಂಟ್ ಲೋಡ್, ಇನ್ವರ್ಟರ್ ಮೋಟಾರ್, ಲೇಬಲ್‌ನಲ್ಲಿ ಬಿ ದರ್ಜೆ. ಕಾಲರ್ ಕೊಳೆ ಹೋಗುತ್ತದೆ. ಬೆಡ್‌ಶೀಟ್ ಸುತ್ತಿಕೊಂಡು ಉಂಡೆಯಾಗುವುದಿಲ್ಲ. ಸ್ಪಿನ್ ಆಗುವಾಗ ಮಷಿನ್ ಇದ್ದ ಜಾಗ ಬಿಟ್ಟು ಕದಲುವುದಿಲ್ಲ. ಕಂಪನಿಯ ಹೆಸರು ಬರೆಯುತ್ತಿಲ್ಲ. ಒಳಗಿನ ರಚನೆ ಹೀಗೇ ಇರುವ ಮಷಿನ್‌ಗಳು ಬೇರೆ ಬೇರೆ ಹೆಸರಲ್ಲಿ ಸಿಗುತ್ತವೆ. ನಾನು ಹೇಳುವುದು ಅವಕ್ಕೂ ಸಲ್ಲುತ್ತದೆ.

ನಮ್ಮಪ್ಪ ಮೋಟಾರ್ ವೈಂಡಿಂಗ್ ಮಾಡುತ್ತಿದ್ದರು. ಹಾಗಾಗಿ ಯಾವ ಮಷಿನ್ ಕಂಡರೂ ನನ್ನ ಕಣ್ಣು ಮೊದಲು ಸ್ಕ್ರೂ ಹುಡುಕುತ್ತದೆ. ಬಿಚ್ಚಬಹುದಾ, ಬಿಚ್ಚಿದ್ದನ್ನು ಮತ್ತೆ ಕೂರಿಸಬಹುದಾ, ಪಾರ್ಟ್ ಸಿಗುತ್ತದಾ? ಇದನ್ನೂ ಹಾಗೇ ನೋಡಿದೆ. ಹಿಂದಿನ ಕವರ್ ತೆಗೆದು ಟಾರ್ಚ್ ಬಿಟ್ಟೆ. ಮ್ಯಾನುಯಲ್‌ನ ಕೊನೇ ಪುಟಗಳವರೆಗೂ ಓದಿದೆ. ನೋಡುತ್ತಾ ಹೋದ ಹಾಗೆ ಒಂದು ವಿಷಯ ಸ್ಪಷ್ಟವಾಯಿತು. ಈ ಮಷಿನ್‌ನಲ್ಲಿ ನನಗೆ ಇಷ್ಟವಾದ ಗುಣಗಳ ಹಿಂದೆ ಹೆಚ್ಚಿನ ಕಡೆ ಯಾವುದೋ ಒಂದು ನಿಯಮ ಇದೆ. ತುಂಬಾ ಬೇಸರ ತಂದ ಒಂದು ಕೊರತೆಯೂ ಇದೆ. ಅದು ಅದೇ ನಿಯಮದಲ್ಲಿ ಉಳಿದುಹೋದ ಒಂದು ಸಣ್ಣ ಸಂದಿನಿಂದ ಬಂದದ್ದು. ಕರೆಂಟು, ನೀರು, ಲೋಹ, ಪ್ಲಾಸ್ಟಿಕ್ ಉಳಿಸಿ ಅಂತ ಬಳಸುವವರಿಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ತಯಾರಿಸುವವರಿಗೆ ಏನು ಹೇಳಿದ್ದಾರೆ ಅನ್ನುವುದರ ಮೇಲೆ ಎಷ್ಟು ನಿಂತಿದೆ ಅನ್ನುವುದು ಈ ಒಂದು ಮಷಿನ್‌ನಲ್ಲೇ ಕಾಣುತ್ತದೆ.

ಲೇಬಲ್‌ನಿಂದ ಶುರು ಮಾಡೋಣ. ಇದರ ಮೇಲಿರುವುದು ಯುರೋಪಿಯನ್ ಒಕ್ಕೂಟದ ಎ ಯಿಂದ ಜಿ ವರೆಗಿನ ಬಣ್ಣದ ಪಟ್ಟಿಗಳ ಲೇಬಲ್. ಭಾರತದಲ್ಲಿ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ 2006ರಲ್ಲಿ ಶುರು ಮಾಡಿದ ಸ್ಟಾರ್ ಲೇಬಲ್ ನಮಗೆಲ್ಲ ಗೊತ್ತು, ಅಲ್ವಾ? ಇದೂ ಅದೇ ಬಗೆಯದು, ಆದರೆ ವಿವರ ಜಾಸ್ತಿ. 100 ವಾಶ್‌ಗೆ 54 ಯೂನಿಟ್ ಕರೆಂಟು. ಒಂದು ವಾಶ್‌ಗೆ 48 ಲೀಟರ್ ನೀರು. ಸಮಯ 3 ಗಂಟೆ 25 ನಿಮಿಷ. ಸ್ಪಿನ್ ಆದ ಮೇಲೆ ಬಟ್ಟೆಯಲ್ಲಿ ಎಷ್ಟು ತೇವ ಉಳಿಯುತ್ತದೆ ಅನ್ನುವುದಕ್ಕೂ ಸದ್ದಿಗೂ ಬೇರೆ ಬೇರೆ ದರ್ಜೆ. ಮೂಲೆಯಲ್ಲಿ ಒಂದು ಕ್ಯೂಆರ್ ಕೋಡ್. ಅದನ್ನು ಸ್ಕ್ಯಾನ್ ಮಾಡಿದರೆ ಆ ಮಾಡೆಲ್‌ನ ಪೂರ್ತಿ ವಿವರ ಯುರೋಪಿಯನ್ ಒಕ್ಕೂಟದ ಡೇಟಾಬೇಸ್‌ನಲ್ಲಿ ತೆರೆದುಕೊಳ್ಳುತ್ತದೆ. ಕಂಪನಿಯ ಜಾಹೀರಾತು ಪುಟ ಬರುವುದಿಲ್ಲ.

ಯುರೋಪಿನ ಹಳೆಯ ಲೇಬಲ್‌ನಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಅಂತ ಇರುತ್ತಿತ್ತು. ವರ್ಷಕ್ಕೆ 220 ವಾಶ್ ಅಂತ ಎಲ್ಲರಿಗೂ ಒಂದೇ ಲೆಕ್ಕ. ಒಬ್ಬರೇ ಇರುವವರಿಗೂ ಆರು ಜನ ಇರುವ ಮನೆಗೂ ಅದು ಹೊಂದುವುದಿಲ್ಲ. 100 ವಾಶ್‌ನ ಲೆಕ್ಕ ಒಳ್ಳೆಯದು, ನಮ್ಮ ಮನೆಯ ಲೆಕ್ಕ ನಾವೇ ಹಾಕಿಕೊಳ್ಳಬಹುದು. ಅದಕ್ಕಿಂತ ಮುಖ್ಯವಾದ ಬದಲಾವಣೆ ಪರೀಕ್ಷೆಯಲ್ಲಿ ಆಗಿದೆ. ಡ್ರಮ್ ಪೂರ್ತಿ ತುಂಬಿ, ಅರ್ಧ ತುಂಬಿ, ಕಾಲು ಭಾಗ ಮಾತ್ರ ತುಂಬಿ, ಮೂರೂ ಬಗೆಯಲ್ಲಿ ಒಗೆದು ಅದರ ಮೇಲೆ ಅಂಕಿ ಕೊಡುತ್ತಾರೆ. ಯಾರೂ ಪ್ರತಿ ಸಲ 8 ಕೆ.ಜಿ. ತೂಗಿ ಹಾಕುವುದಿಲ್ಲ. ಕಡಿಮೆ ಬಟ್ಟೆ ಹಾಕಿದಾಗ ನೀರನ್ನೂ ಕರೆಂಟನ್ನೂ ಕಡಿಮೆ ಮಾಡಿಕೊಳ್ಳುವ ಮಷಿನ್‌ಗೆ ಈಗ ಒಳ್ಳೆಯ ದರ್ಜೆ ಸಿಗುತ್ತದೆ. ನನ್ನ ಮಷಿನ್ ಇದನ್ನು ಮಾಡುತ್ತದೆ. ನಾಲ್ಕು ಶರ್ಟ್ ಹಾಕಿದರೆ ಬಟ್ಟೆಯ ಭಾರ ನೋಡಿಕೊಂಡು ಸಮಯ ತಾನೇ ಇಳಿಸಿಕೊಳ್ಳುತ್ತದೆ, ನೀರೂ ಕಡಿಮೆ ತುಂಬುತ್ತದೆ. ಕಾಲು ಡ್ರಮ್ ಬಟ್ಟೆ ಒಗೆದೂ ಪರೀಕ್ಷೆ ಪಾಸಾಗಬೇಕು ಅಂದಮೇಲೆ ಕಂಪನಿಗೆ ಇದನ್ನು ಮಾಡದೆ ದಾರಿಯಿಲ್ಲ.

ಇನ್ನು ಆ 3 ಗಂಟೆ 25 ನಿಮಿಷ. ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ. ಇಷ್ಟು ಹೊತ್ತು ಓಡಿದರೆ ಕರೆಂಟು ಜಾಸ್ತಿ ಅಲ್ವಾ ಅಂತ ನನ್ನ ತಂಗಿಯೂ ಕೇಳಿದಳು. ನಿಜ ಇರುವುದು ಇದಕ್ಕೆ ಉಲ್ಟಾ. ಬಿಸಿನೀರಿನ ವಾಶ್‌ನಲ್ಲಿ ಕರೆಂಟಿನ ದೊಡ್ಡ ಪಾಲು ಹೋಗುವುದು ನೀರು ಕಾಯಿಸಲಿಕ್ಕೆ. ಡ್ರಮ್ ತಿರುಗಿಸುವ ಮೋಟಾರ್ ತಿನ್ನುವುದು ತೀರಾ ಕಡಿಮೆ. ಹೆಂಕೆಲ್ ಕಂಪನಿಯ ಕೆಮಿಸ್ಟ್ ಹರ್ಬರ್ಟ್ ಸಿನ್ನರ್ 1959ರಲ್ಲೇ ಇದನ್ನು ಒಂದು ವೃತ್ತದ ಚಿತ್ರವಾಗಿ ಬರೆದು ತೋರಿಸಿದ್ದರು. ಕೊಳೆ ಹೋಗಲು ನಾಲ್ಕು ಬೇಕು: ಸೋಪು, ಉಜ್ಜುವಿಕೆ, ಬಿಸಿ, ಸಮಯ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದನ್ನು ಹೆಚ್ಚು ಮಾಡಬೇಕು. ಈ ಮಷಿನ್‌ನ ಇಕೋ ಪ್ರೋಗ್ರಾಂ ಬಿಸಿಯನ್ನು ಇಳಿಸಿ ಸಮಯವನ್ನು ಏರಿಸುತ್ತದೆ. ನಾನು ರಾತ್ರಿ ಹಾಕಿ ಮಲಗುತ್ತೇನೆ. ಬೆಳಗ್ಗೆ ಆರು ಗಂಟೆಗೆ ಮುಗಿಯುವ ಹಾಗೆ ಟೈಮರ್ ಇಟ್ಟರೆ ಒದ್ದೆ ಬಟ್ಟೆ ಒಳಗೇ ಮುಗ್ಗುವುದಿಲ್ಲ. ಹೊತ್ತಿನ ಅವಸರ ಇರುವವರಿಗೆ ಮಾತ್ರ ಇದು ಕಷ್ಟವೇ. ಅವರಿಗೆ 20 ಡಿಗ್ರಿ ಪ್ರೋಗ್ರಾಂ ಇದೆ. ಬೆವರಿನ ಬಟ್ಟೆಗೆ ಅದು ಸಾಕು. 20 ಡಿಗ್ರಿ ಪ್ರೋಗ್ರಾಂ ಇರಲೇಬೇಕು ಅನ್ನುವುದೂ ನಿಯಮವೇ.

ಡಯಲ್ ಮೇಲಿನ ಹೆಸರುಗಳನ್ನು ಸ್ವಲ್ಪ ಗಮನಿಸಿ ನೋಡಿ. 'ನಾರ್ಮಲ್', 'ಡೈಲಿ', 'ರೆಗ್ಯುಲರ್', 'ಸ್ಟ್ಯಾಂಡರ್ಡ್' ಅನ್ನುವ ಹೆಸರುಗಳು ಈ ಮಷಿನ್‌ನಲ್ಲಿ ಎಲ್ಲೂ ಇಲ್ಲ. 2021ರ ಮಾರ್ಚ್ 1ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಜಾರಿಗೆ ಬಂದ ಇಕೋಡಿಸೈನ್ ನಿಯಮ, ಅಂದರೆ ಮಷಿನ್ ಹೇಗಿರಬೇಕು ಅಂತ ತಯಾರಕರಿಗೆ ಹಾಕಿದ ಷರತ್ತುಗಳು, ಪ್ರೋಗ್ರಾಂಗೆ ಈ ಹೆಸರುಗಳನ್ನು ಇಡಬಾರದು ಅಂತ ಹೇಳಿದೆ. ಕಾರಣ ಸರಳ. ಲೇಬಲ್‌ನ ಪರೀಕ್ಷೆ ನಡೆಯುವುದು ಇಕೋ ಪ್ರೋಗ್ರಾಂನಲ್ಲಿ. ಪಕ್ಕದಲ್ಲೇ 'ಡೈಲಿ' ಅಂತ ಒಂದಿದ್ದರೆ ಜನರ ಕೈ ಅದಕ್ಕೇ ಹೋಗುತ್ತದೆ, ಅದು ಎಷ್ಟು ಕರೆಂಟು ತಿಂದರೂ ಲೇಬಲ್‌ಗೆ ಸಂಬಂಧವಿಲ್ಲ. ಈಗ ಇಕೋ 40-60 ಅನ್ನುವ ಒಂದೇ ಹೆಸರು, ಕಣ್ಣಿಗೆ ಕಾಣುವ ಜಾಗದಲ್ಲಿ. 40 ಡಿಗ್ರಿಯ ಬಟ್ಟೆ, 60 ಡಿಗ್ರಿಯ ಬಟ್ಟೆ ಎರಡನ್ನೂ ಒಟ್ಟಿಗೆ ಒಗೆಯಬೇಕು ಅನ್ನುವುದು ಷರತ್ತು. ಡಯಲ್ ಮೇಲಿನ ನಾಲ್ಕು ಅಕ್ಷರದ ಬಗ್ಗೆ ಇಷ್ಟು ಯೋಚಿಸಿದವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ಜನ ಮ್ಯಾನುಯಲ್ ಓದುವುದಿಲ್ಲ, ಡಯಲ್ ನೋಡಿ ತಿರುಗಿಸುತ್ತಾರೆ ಅನ್ನುವುದನ್ನು ತಿಳಿದು ಬರೆದ ನಿಯಮ ಇದು.

ಆಫ್ ಆಗಿದ್ದಾಗ ಮಷಿನ್ ಅರ್ಧ ವಾಟ್‌ಗಿಂತ ಜಾಸ್ತಿ ಎಳೆಯಬಾರದು ಅನ್ನುವುದೂ ಅದೇ ನಿಯಮದಲ್ಲಿದೆ.

ಬಿ ದರ್ಜೆ ಯಾಕೆ, ಎ ಯಾಕೆ ಇಲ್ಲ ಅಂತ ಕೇಳುವವರಿಗೆ ಸ್ವಲ್ಪ ಹಿನ್ನೆಲೆ. ಹಳೆಯ ಲೇಬಲ್‌ನಲ್ಲಿ ಎ ದರ್ಜೆ ತುಂಬಿಹೋಗಿ ಎ ಪ್ಲಸ್, ಎ ಪ್ಲಸ್ ಪ್ಲಸ್, ಆಮೇಲೆ ಮೂರು ಪ್ಲಸ್ ಬಂದವು. ಎಲ್ಲಾ ಮಷಿನ್‌ಗೂ ಎ ಸಿಕ್ಕಮೇಲೆ ಕೊಳ್ಳುವವರಿಗೆ ಯಾವುದು ಒಳ್ಳೆಯದು ಅಂತ ಹೇಗೆ ಗೊತ್ತಾಗಬೇಕು? 2021ರಲ್ಲಿ ಪ್ಲಸ್‌ಗಳನ್ನು ಕಿತ್ತುಹಾಕಿ ಮತ್ತೆ ಎ ಯಿಂದ ಜಿ ಮಾಡಿದರು. ಹೊಸ ಅಳತೆ ತರುವಾಗ ಮೇಲಿನ ದರ್ಜೆ ಖಾಲಿ ಇರುವಷ್ಟು ಕಠಿಣವಾಗಿರಬೇಕು ಅನ್ನುವುದು ಅಲ್ಲಿನ ಕಾನೂನು. ನಿನ್ನೆ ಮೂರು ಪ್ಲಸ್ ಇದ್ದ ಮಷಿನ್ ಇವತ್ತು ಸಿ, ಡಿ ಆಗಿ ಕಂಡಿತು. ಜಪಾನ್ 1998ರಲ್ಲಿ ಕಾನೂನು ತಿದ್ದಿ ತಂದ 'ಟಾಪ್ ರನ್ನರ್' ಪದ್ಧತಿ ಇನ್ನೂ ಒಂದು ಹೆಜ್ಜೆ ಮುಂದೆ. ಮಾರುಕಟ್ಟೆಯಲ್ಲಿ ಇವತ್ತು ಎಲ್ಲಕ್ಕಿಂತ ಕಡಿಮೆ ಕರೆಂಟು ತಿನ್ನುವ ಮಾಡೆಲ್ ಯಾವುದೋ, ಅದರ ಆಧಾರದ ಮೇಲೆ ಗುರಿ ಇಡುತ್ತಾರೆ. ಇಂತಿಷ್ಟು ವರ್ಷದ ಹೊತ್ತಿಗೆ ಪ್ರತಿ ಕಂಪನಿ ಮಾರುವ ಮಾಲಿನ ಸರಾಸರಿ ಆ ಗುರಿ ಮುಟ್ಟಬೇಕು. ಎದುರಾಳಿ ಈಗಾಗಲೇ ಮಾಡಿ ಮಾರುತ್ತಿರುವಾಗ, ಆಗುವುದೇ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಅಮೆರಿಕದ ಫ್ರಿಜ್‌ಗಳ ಕಥೆ ಇನ್ನೂ ಹಳೆಯದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಿತಿ ಹಾಕಲು ಶುರು ಮಾಡಿದರು, ಆಮೇಲೆ ಇಡೀ ದೇಶಕ್ಕೆ ಬಂತು. ಹೊಸ ಫ್ರಿಜ್ ತಿನ್ನುವ ಕರೆಂಟು ಈ ದಶಕಗಳಲ್ಲಿ ಸುಮಾರು ಮುಕ್ಕಾಲು ಭಾಗ ಇಳಿಯಿತು. ಫ್ರಿಜ್ ಮಾತ್ರ ದೊಡ್ಡದಾಗುತ್ತಲೇ ಹೋಯಿತು.

ಈ ದೊಡ್ಡದಾಗುವ ವಿಷಯದಲ್ಲಿ ಒಂದು ಎಚ್ಚರಿಕೆ. ಲೇಬಲ್‌ನ ಅಕ್ಷರ ಮಷಿನ್‌ನ ಗಾತ್ರಕ್ಕೆ ತಕ್ಕ ಹಾಗೆ ಕೊಡುವಂಥದ್ದು. 10 ಕೆ.ಜಿ.ಯ ಎ ದರ್ಜೆ ಮಷಿನ್ ಅಂದರೆ 10 ಕೆ.ಜಿ. ಮಷಿನ್‌ಗಳ ಪೈಕಿ ಒಳ್ಳೆಯದು ಅಂತ. ನಿಮ್ಮ ಮನೆಯ ಬಟ್ಟೆ ಇರುವುದು 5 ಕೆ.ಜಿ. ಆದರೆ ಆ ಎ ಯಿಂದ ನಿಮಗೆ ಅಷ್ಟು ಲಾಭವಿಲ್ಲ. ಆದ್ದರಿಂದ ಅಕ್ಷರ ಬಿಟ್ಟು ಯೂನಿಟ್ ಮತ್ತು ಲೀಟರ್ ನೋಡಿ. ಅಂಗಡಿಯವರು ತೋರಿಸುವುದು ಅಕ್ಷರ ಅಥವಾ ಸ್ಟಾರ್. ಅಂಕಿ ಕೆಳಗಡೆ ಸಣ್ಣದಾಗಿ ಇರುತ್ತದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲಿ ಕಲ್ಲಿದ್ದಲಿನ ಬಗ್ಗೆ ಹೇಳಿದ್ದು ಇದಕ್ಕೆ ಹತ್ತಿರದ ಮಾತು. ಉಗಿ ಯಂತ್ರ ಕಡಿಮೆ ಕಲ್ಲಿದ್ದಲಿನಲ್ಲಿ ಓಡತೊಡಗಿದಾಗ ಬ್ರಿಟನ್ನಿನಲ್ಲಿ ಒಟ್ಟು ಕಲ್ಲಿದ್ದಲು ಬಳಕೆ ಏರಿತು. ಯಂತ್ರ ಓಡಿಸುವುದು ಅಗ್ಗವಾದಾಗ ಇನ್ನಷ್ಟು ಯಂತ್ರ ಬಂದವು. ಒಗೆಯುವುದು ಸುಲಭವಾದಾಗ ಒಂದೇ ಸಲ ಬಳಸಿದ ಟವೆಲ್ ಕೂಡ ಮಷಿನ್‌ಗೆ ಬೀಳುತ್ತದೆ. ಇದನ್ನು ಯಾವ ಲೇಬಲ್ಲೂ ತಡೆಯುವುದಿಲ್ಲ, ಇದು ನಮ್ಮ ಕೈಯಲ್ಲೇ ಇರುವುದು.

ನೀರಿನ ಅಂಕಿ ಲೇಬಲ್ ಮೇಲೆ ಇರುವುದೇ ನನಗೆ ದೊಡ್ಡ ಸಮಾಧಾನ. ಆಸ್ಟ್ರೇಲಿಯಾ ನೀರಿಗೇ ಬೇರೆ ಲೇಬಲ್ ಕಾನೂನು 2005ರಲ್ಲಿ ಮಾಡಿತು. ನಲ್ಲಿ, ಶವರ್, ಟಾಯ್ಲೆಟ್, ವಾಷಿಂಗ್ ಮಷಿನ್, ಎಲ್ಲಕ್ಕೂ ನೀರಿನ ಸ್ಟಾರ್. ಇದು ಎಲ್ಲಾ ಕಡೆ ಬರಬೇಕಾದ್ದು. ಕರೆಂಟು ಉಳಿಸಿ ನೀರು ಸುರಿಯುವ ಮಷಿನ್ ಯಾರಿಗೆ ಬೇಕು? ಸೋಪಿನ ಪುಡಿಯ ವಿಷಯದಲ್ಲೂ ಹೀಗೇ ಒಂದು ಒಳ್ಳೆಯ ಕೆಲಸ ಆಗಿದೆ. ಬಟ್ಟೆ ಸೋಪಿನ ಫಾಸ್ಫೇಟ್ ಕೆರೆಗೆ, ನದಿಗೆ ಸೇರಿದರೆ ಪಾಚಿ ಹಬ್ಬುತ್ತದೆ, ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ. ಯುರೋಪಿನಲ್ಲಿ 2013ರ ಜೂನ್ ಕೊನೆಯಿಂದ ಮನೆಬಳಕೆಯ ಬಟ್ಟೆ ಸೋಪಿಗೆ ಮಿತಿ ಬಂತು, ಒಂದು ವಾಶ್‌ಗೆ ಹಾಕುವ ಸೋಪಿನಲ್ಲಿ ರಂಜಕ ಅರ್ಧ ಗ್ರಾಂ ಮೀರಬಾರದು. ಪುಡಿ ಕೊಳ್ಳುವವರು ಏನನ್ನೂ ಕಲಿಯಬೇಕಾಗಲಿಲ್ಲ. ಡಬ್ಬಿಯೊಳಗಿನ ಪುಡಿಯೇ ಬದಲಾಯಿತು.

ಈಗ ರಿಪೇರಿ. ನನಗೆ ಹೆಚ್ಚು ಹೇಳಬೇಕಿರುವುದು ಇಲ್ಲೇ.

ಬಾಗಿಲ ಸುತ್ತ ಇರುವ ರಬ್ಬರ್ ಗ್ಯಾಸ್ಕೆಟ್ ಒಮ್ಮೆ ಹರಿಯಿತು. ಜೇಬಿನಲ್ಲಿ ಉಳಿದಿದ್ದ ಒಂದು ಹೇರ್‌ಪಿನ್ ಮಡಿಕೆಯೊಳಗೆ ಸಿಕ್ಕಿಕೊಂಡಿತ್ತು. ಕಂಪನಿಯ ಬಿಡಿಭಾಗಗಳ ಪುಟದಲ್ಲಿ ಮಾಡೆಲ್ ನಂಬರ್ ಹಾಕಿದೆ, ಗ್ಯಾಸ್ಕೆಟ್‌ನ ಚಿತ್ರ ಬಂತು, ತರಿಸಿಕೊಂಡೆ. ಮುಂದಿನ ಅಂಚನ್ನು ಒಂದು ತಂತಿಯ ಬಳೆ ಹಿಡಿದಿರುತ್ತದೆ, ಅದರ ಕೆಳತುದಿಯಲ್ಲಿ ಸಣ್ಣ ಸ್ಪ್ರಿಂಗ್. ಸ್ಪ್ರಿಂಗ್ ಹಿಂದೆ ಸ್ಕ್ರೂಡ್ರೈವರ್ ತುದಿ ತೂರಿಸಿ ಎಳೆದರೆ ಬಳೆ ಸುಲಭಕ್ಕೆ ಬರುತ್ತದೆ. ಒಳಗಿನ ಅಂಚಿನ ಕ್ಲಾಂಪ್ ಬಿಚ್ಚುವುದಕ್ಕೆ ಸ್ವಲ್ಪ ತಾಳ್ಮೆ ಬೇಕು. ಹೊಸದನ್ನು ಕೂರಿಸುವಾಗ ನೀರು ಇಳಿಯುವ ತೂತುಗಳು ಸರಿಯಾಗಿ ಕೆಳಗೇ ಬರಬೇಕು, ಇಲ್ಲದಿದ್ದರೆ ಮಡಿಕೆಯಲ್ಲಿ ನೀರು ನಿಂತು ಕಪ್ಪು ಬೂಸ್ಟು ಹಿಡಿಯುತ್ತದೆ. ಅಂಚಿಗೆ ಒಂದಿಷ್ಟು ಸೋಪಿನ ನೀರು ಸವರಿದರೆ ರಬ್ಬರ್ ಜಾರಿ ಕೂರುತ್ತದೆ. ಇಷ್ಟೇ. ಮೆಕ್ಯಾನಿಕ್ ಬೇಕಾಗಲಿಲ್ಲ.

ಇದು ಕಂಪನಿಯ ಔದಾರ್ಯ ಅಂತ ತಿಳಿಯಬೇಡಿ. ಬಾಗಿಲು, ಹಿಂಜ್, ಸೀಲ್, ಲಾಕ್, ಸೋಪು ಹಾಕುವ ಟ್ರೇ, ಇವನ್ನು ಯಾರು ಕೇಳಿದರೂ ಕೊಡಬೇಕು. ಆ ಮಾಡೆಲ್‌ನ ಕೊನೆಯ ಮಷಿನ್ ಮಾರುಕಟ್ಟೆಗೆ ಬಂದ ಮೇಲೂ 10 ವರ್ಷ ಸಿಗಬೇಕು. ಆರ್ಡರ್ ಬಂದ 15 ಕೆಲಸದ ದಿನದೊಳಗೆ ಕಳಿಸಬೇಕು. ಮೋಟಾರ್, ಪಂಪ್, ಹೀಟರ್, ಸರ್ಕ್ಯೂಟ್ ಬೋರ್ಡ್‌ನಂಥ ಒಳಗಿನ ಪಾರ್ಟ್‌ಗಳನ್ನು ರಿಪೇರಿ ಕೆಲಸದವರಿಗೆ ಕೊಡಬೇಕು. ಎಲ್ಲವೂ 2021ರ ಅದೇ ನಿಯಮದಲ್ಲಿ ಬರೆದಿದೆ. ಹತ್ತು ವರ್ಷ ಅನ್ನುವುದು ದೊಡ್ಡ ಮಾತು. ಒಂದು ಸಣ್ಣ ಪಂಪ್ ಸಿಗದೆ ಎಷ್ಟೋ ಒಳ್ಳೆಯ ಮಷಿನ್‌ಗಳು ಗುಜರಿಗೆ ಹೋಗುವುದನ್ನು ಅಪ್ಪನ ಅಂಗಡಿಯಲ್ಲಿ ನಾನು ನೋಡಿದ್ದೇನೆ.

ಆ ಪಟ್ಟಿಯಲ್ಲೇ ಡ್ರಮ್, ಅದನ್ನು ಹಿಂದಿನಿಂದ ಹಿಡಿದಿರುವ ಸ್ಪೈಡರ್ ಅನ್ನುವ ಲೋಹದ ಚೌಕಟ್ಟು ಮತ್ತು ಡ್ರಮ್ ಸರಾಗವಾಗಿ ತಿರುಗಲು ಇರುವ ಬೇರಿಂಗ್‌ಗಳ ಹೆಸರಿದೆ. ಮುಂದೆ ಕಂಸದಲ್ಲಿ ಮೂರು ಪದ: ಬಿಡಿಯಾಗಿ ಅಥವಾ ಒಟ್ಟಾಗಿ. ನನ್ನ ಮಷಿನ್‌ನ ದೊಡ್ಡ ಕೊರತೆ ಈ 'ಒಟ್ಟಾಗಿ' ಅನ್ನುವುದರೊಳಗೆ ಇದೆ.

ಹಿಂದಿನ ಕವರ್ ತೆಗೆದು ನೋಡಿ. ಡ್ರಮ್‌ನ ಹೊರಗೆ ನೀರು ನಿಲ್ಲುವ ದೊಡ್ಡ ಪ್ಲಾಸ್ಟಿಕ್ ಟಬ್ ಇರುತ್ತದೆ. ಅದು ಎರಡು ಭಾಗ ಸೇರಿಸಿ ಮಾಡಿದ್ದು. ನಮ್ಮ ಹಳೆಯ ಮಷಿನ್‌ನಲ್ಲಿ ಆ ಸೇರುವೆಯ ಸುತ್ತ ಬೋಲ್ಟ್‌ಗಳಿದ್ದವು. ಸ್ಪಿನ್ ಆಗುವಾಗ ಗುಡುಗಿನ ಹಾಗೆ ಸದ್ದು ಬರತೊಡಗಿದಾಗ ಅಪ್ಪ ಟಬ್ ಬಿಚ್ಚಿ, ತುಕ್ಕು ಹಿಡಿದಿದ್ದ ಎರಡು ಬೇರಿಂಗ್ ಹೊಡೆದು ತೆಗೆದು, ಹೊಸ ಬೇರಿಂಗ್, ಹೊಸ ವಾಟರ್ ಸೀಲ್ ಹಾಕಿ ಮುಚ್ಚಿದ್ದರು. ಆ ಮಷಿನ್ ಆಮೇಲೂ ವರ್ಷಗಟ್ಟಲೆ ಓಡಿತು. ಈ ಹೊಸ ಮಷಿನ್‌ನಲ್ಲಿ ಬೋಲ್ಟ್ ಇಲ್ಲ. ಸೇರುವೆಯ ಉದ್ದಕ್ಕೂ ಕರಗಿ ಅಂಟಿದ ಪ್ಲಾಸ್ಟಿಕ್‌ನ ಒಂದು ಉಬ್ಬು ಗೆರೆ ಮಾತ್ರ. ಬೇರಿಂಗ್ ಹಾಳಾದರೆ ಬರುವುದು ಟಬ್, ಡ್ರಮ್, ಸ್ಪೈಡರ್, ಬೇರಿಂಗ್ ಎಲ್ಲಾ ಸೇರಿದ ಒಂದೇ ದೊಡ್ಡ ಜೋಡಣೆ. ಅದರ ಬೆಲೆ ಕೇಳಿದ ಯಾರೇ ಆದರೂ ಹೊಸ ಮಷಿನ್ ಕಡೆಗೇ ನೋಡುತ್ತಾರೆ. ಕೆಲವು ಮೆಕ್ಯಾನಿಕ್‌ಗಳು ಹ್ಯಾಕ್‌ಸಾ ಬ್ಲೇಡ್‌ನಿಂದ ಆ ಗೆರೆಯನ್ನು ಸುತ್ತಲೂ ಕೊಯ್ದು, ಬೇರಿಂಗ್ ಬದಲಿಸಿ, ತೂತು ಕೊರೆದು ಬೋಲ್ಟ್ ಹಾಕಿ, ಸಿಲಿಕಾನ್ ಹಚ್ಚಿ ಮುಚ್ಚುತ್ತಾರೆ. ಅವರ ಕೈಚಳಕಕ್ಕೆ ನನ್ನ ನಮಸ್ಕಾರ. ಆದರೆ ಅಷ್ಟು ಶ್ರಮ ಬೇಕಾಗಿದ್ದು ಯಾಕೆ? ಕಾರ್ಖಾನೆಯಲ್ಲಿ ಬೋಲ್ಟ್ ಹಾಕಿದ್ದರೆ ಸಾಕಿತ್ತು.

ಅಂಗೈಯಲ್ಲಿ ಹಿಡಿಯುವ ಒಂದು ಬೇರಿಂಗ್‌ಗಾಗಿ ಸ್ಟೀಲ್ ಡ್ರಮ್, ತಾಮ್ರದ ಸುರುಳಿ ಇರುವ ಮೋಟಾರ್, ಕಾಂಕ್ರೀಟ್ ತೂಕದ ಗಟ್ಟಿ, ಸರ್ಕ್ಯೂಟ್ ಬೋರ್ಡ್ ಎಲ್ಲವೂ ಗುಜರಿಗೆ ಹೋಗುತ್ತವೆ. ಅದರ ಬದಲು ಎ ದರ್ಜೆಯ ಮಷಿನ್ ತಂದರೆ 100 ವಾಶ್‌ಗೆ ಏಳೆಂಟು ಯೂನಿಟ್ ಉಳಿಯಬಹುದು. ಒಂದಿಡೀ ಮಷಿನ್ ಮಾಡಲು ಬೇಕಾದ ಅದಿರು, ಎಣ್ಣೆ, ಕರೆಂಟಿನ ಎದುರು ಇದು ಏನೇನೂ ಅಲ್ಲ. ಓಡುವಾಗಿನ ಉಳಿತಾಯಕ್ಕೆ ಇಷ್ಟು ಅಚ್ಚುಕಟ್ಟಾಗಿ ನಿಯಮ ಬರೆದವರು, ಬಾಳಿಕೆಯ ವಿಷಯಕ್ಕೆ ಬಂದಾಗ ಒಂದು ಬಾಗಿಲು ತೆರೆದೇ ಬಿಟ್ಟರು. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಫ್ರಾನ್ಸ್ ಈ ಬಾಗಿಲನ್ನು ಬೇರೆ ರೀತಿಯಲ್ಲಿ ಮುಚ್ಚಲು ನೋಡಿದೆ. 2021ರ ಜನವರಿಯಿಂದ ಅಲ್ಲಿ ವಾಷಿಂಗ್ ಮಷಿನ್, ಟಿವಿ, ಲ್ಯಾಪ್‌ಟಾಪ್, ಮೊಬೈಲ್‌ಗಳ ಮೇಲೆ ರಿಪೇರಿ ಎಷ್ಟು ಸುಲಭ ಅನ್ನುವುದಕ್ಕೆ 10ಕ್ಕೆ ಇಷ್ಟು ಅಂತ ಅಂಕ ಹಾಕಬೇಕು ಅನ್ನುವ ನಿಯಮ ಬಂತು. ರಿಪೇರಿಯ ಮಾಹಿತಿ ಕೊಡುತ್ತಾರಾ, ಬಿಚ್ಚಲು ಸುಲಭವಾ, ಪಾರ್ಟ್ ಎಷ್ಟು ವರ್ಷ ಸಿಗುತ್ತದೆ, ಪಾರ್ಟ್‌ನ ಬೆಲೆ ಎಷ್ಟು, ಜೊತೆಗೆ ಆಯಾ ವಸ್ತುವಿಗೆ ತಕ್ಕ ಒಂದು ಅಂಶ. ಐದಕ್ಕೂ ಸಮನಾದ ಅಂಕ. ಹೀಗಾಗಿ ಒಂದರಲ್ಲಿ ಸೋತರೂ ಉಳಿದ ನಾಲ್ಕರಲ್ಲಿ ಅಂಕ ತುಂಬಿಕೊಳ್ಳಬಹುದು. ಅಂಕ ಹಾಕುವುದೂ ಕಂಪನಿಯೇ. ಆದರೂ ಪಾರ್ಟ್‌ನ ಬೆಲೆಯನ್ನೂ ಅಂಕಕ್ಕೆ ಸೇರಿಸಿದ್ದು ನನಗೆ ತುಂಬಾ ಸರಿ ಅನ್ನಿಸಿತು. ಸಿಗುವ ಪಾರ್ಟ್ ಕೈಗೆಟುಕದಿದ್ದರೆ ಅದು ಸಿಗದ ಹಾಗೇ. 2025ರಲ್ಲಿ ಟಿವಿಗೂ ವಾಷಿಂಗ್ ಮಷಿನ್‌ಗೂ ಇದರ ಜಾಗದಲ್ಲಿ ಬಾಳಿಕೆಯನ್ನೂ ಸೇರಿಸಿದ ಸೂಚ್ಯಂಕ ಬಂತು. ಆಸ್ಟ್ರಿಯಾದಲ್ಲಿ 2022ರಿಂದ ಸರ್ಕಾರವೇ ರಿಪೇರಿ ಖರ್ಚಿನ ಅರ್ಧ ಭರಿಸುವ ಕೂಪನ್ ಕೊಟ್ಟಿತು, ಒಂದು ಮಿತಿಯವರೆಗೆ. ಹೊಸದಕ್ಕೆ ರಿಯಾಯಿತಿ ಕೊಡುವುದನ್ನೇ ನೋಡಿದ ನಮಗೆ ಇದು ಹೊಸತು, ಅಲ್ವಾ? ಯುರೋಪಿಯನ್ ಒಕ್ಕೂಟ 2024ರಲ್ಲಿ ಮಾಡಿದ ರಿಪೇರಿ ಹಕ್ಕಿನ ಕಾನೂನು ವಾರಂಟಿ ಮುಗಿದ ಮೇಲೂ ಕಂಪನಿ ನ್ಯಾಯವಾದ ಬೆಲೆಗೆ ರಿಪೇರಿ ಮಾಡಿಕೊಡಬೇಕು ಅನ್ನುತ್ತದೆ. ರಿಪೇರಿಗೆ ಅಡ್ಡ ಬರುವ ಹಾರ್ಡ್‌ವೇರ್, ಸಾಫ್ಟ್‌ವೇರ್ ತಂತ್ರಗಳು ಸಲ್ಲವು ಅಂತಲೂ ಹೇಳುತ್ತದೆ, ತಕ್ಕ ಕಾರಣ ಇದ್ದರೆ ವಿನಾಯಿತಿ. ಅಂಟಿಸಿದ ಟಬ್ ಈ ಅಡ್ಡಿಗಳ ಸಾಲಿಗೆ ಸೇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಳೆಯದನ್ನು ವಾಪಸ್ ತೆಗೆದುಕೊಳ್ಳುವ ವಿಷಯ ಚುಟುಕಾಗಿ. ಮಾಡಿ ಮಾರಿದವರೇ ಅದರ ಕೊನೆಯ ಹೊಣೆಯನ್ನೂ ಹೊರಬೇಕು ಅನ್ನುವ ಯೋಚನೆಯನ್ನು ಸ್ವೀಡನ್‌ನ ಥಾಮಸ್ ಲಿಂಡ್‌ಕ್ವಿಸ್ಟ್ 1990ರಲ್ಲಿ ಮುಂದಿಟ್ಟರು. ಭಾರತದಲ್ಲೂ 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳಲ್ಲಿ ವಾಷಿಂಗ್ ಮಷಿನ್ ತಯಾರಕರಿಗೆ ಈ ಹೊಣೆ ಇದೆ. ಒಳ್ಳೆಯದು. ಆದರೆ ಗುಜರಿಯ ಹೊಣೆ ಕಂಪನಿಗೆ ನಿಜವಾಗಿ ಭಾರ ಅನ್ನಿಸಿದಾಗ ಮಾತ್ರ ಅವರ ಡಿಸೈನ್ ಬದಲಾಗುತ್ತದೆ. ತೂಕದ ಲೆಕ್ಕದಲ್ಲಿ ಎಲ್ಲರಿಗೂ ಒಂದೇ ಹೊಣೆ ಅಂದರೆ ಬೋಲ್ಟ್ ಹಾಕಿದವನಿಗೂ ಅಂಟಿಸಿದವನಿಗೂ ಏನು ವ್ಯತ್ಯಾಸ?

ಮೊಬೈಲ್ ಆ್ಯಪ್ ಇದೆ, ನಾನು ಬಳಸುತ್ತಿಲ್ಲ. ಸದ್ದು ಕಡಿಮೆ. ಪಂಪ್ ಫಿಲ್ಟರ್ ಮುಂದೆ ಕೆಳಗಡೆ ಇದೆ, ತಿಂಗಳಿಗೊಮ್ಮೆ ತೆಗೆದು ತೊಳೆಯಿರಿ.

ಕೊಳ್ಳಬಹುದಾ? ಮನೆಯ ಬಟ್ಟೆ 8 ಕೆ.ಜಿ. ಡ್ರಮ್ ತುಂಬುವಷ್ಟು ಇದ್ದರೆ, ಮೂರು ಗಂಟೆ ಕಾಯಲು ಬೇಸರ ಇಲ್ಲದಿದ್ದರೆ, ಕೊಳ್ಳಬಹುದು. ಬಟ್ಟೆ ಅದಕ್ಕಿಂತ ಕಡಿಮೆ ಇದ್ದರೆ ಸಣ್ಣ ಡ್ರಮ್ ಇರುವುದನ್ನು ಹುಡುಕಿ. ಯಾವುದನ್ನೇ ಕೊಂಡರೂ ದುಡ್ಡು ಕೊಡುವ ಮೊದಲು ಕಂಪನಿಯ ಬಿಡಿಭಾಗಗಳ ಪುಟಕ್ಕೆ ಹೋಗಿ, ಮಾಡೆಲ್ ನಂಬರ್ ಹಾಕಿ, ಬೇರಿಂಗ್ ಮತ್ತು ಸೀಲ್ ಬಿಡಿಯಾಗಿ ಪಟ್ಟಿಯಲ್ಲಿದೆಯಾ ನೋಡಿ. ಇಲ್ಲದಿದ್ದರೆ ಟಬ್ ಅಂಟಿಸಿದ್ದಾ ಬೋಲ್ಟ್ ಹಾಕಿದ್ದಾ ಅಂತ ಬರವಣಿಗೆಯಲ್ಲೇ ಕೇಳಿ. ಟಬ್ ಬಿಚ್ಚಲು ಬರುವ ಮಷಿನ್‌ಗಳು ಇವತ್ತಿಗೂ ಇವೆ. ಹಾಗಿರುವುದು ಸಿಕ್ಕಿ, ಅದರ ಲೇಬಲ್ ಸಿ ದರ್ಜೆ ಆಗಿದ್ದರೂ, ನಾನಾದರೆ ಅದನ್ನೇ ತೆಗೆದುಕೊಳ್ಳುತ್ತೇನೆ.